"ಬಂದುದ ಪರಿಣಾಮಿಸುವಳು" – ಇಲ್ಲಿ ಪರಿಣಾಮ ಅಂದ್ರೆ ಏನು?

ಅಂಗಳದ_ತುಳಸಿ:
ಎಲ್ರಿಗೂ ನಮಸ್ಕಾರ. ಒಂದು ಪದದ ಬಗ್ಗೆ ಕೇಳ್ಬೇಕಿತ್ತು. ಮಗಳು ಒಂಬತ್ತನೇ ಕ್ಲಾಸು, ಶಾಲೇಲಿ ವಚನ ಕಂಠಪಾಠ ಸ್ಪರ್ಧೆ ಇದೆ, ಎಲ್ಲರೂ ಹೇಳೋ ವಚನ ಬೇಡ ಅಂತ ನಾನೇ ಜೇಡರ ದಾಸಿಮಯ್ಯಂದು ಒಂದು ಚಿಕ್ಕದು ಹುಡುಕಿಕೊಟ್ಟೆ, ಹೆಂಡತಿ ದುಗ್ಗಳೆ ಬಗ್ಗೆ ಹೇಳಿರೋದು.

"ಬಂದುದನರಿದು ಬಳಸುವಳು,
ಬಂದುದ ಪರಿಣಾಮಿಸುವಳು,
ಬಂಧುಬಳಗದ ಮರೆಸುವಳು,
ದುಗ್ಗಳೆಯ ತಂದು ಬದುಕಿದೆನು ಕಾಣಾ ರಾಮನಾಥ."

ಸಂಜೆ ನಾನು ಸೊಪ್ಪು ಬಿಡಿಸ್ತಾ ಕೂತಿದ್ದೆ, ಅವಳು ಎದುರಿಗೆ ಕೂತು ಹೇಳ್ತಾ ಹೇಳ್ತಾ ಎರಡನೇ ಸಾಲಿಗೆ ನಿಂತ್ಬಿಟ್ಲು. "ಅಮ್ಮ, ಪರಿಣಾಮಿಸುವಳು ಅಂದ್ರೆ ಬಂದಿದ್ದಕ್ಕೆಲ್ಲ ಎಫೆಕ್ಟ್ ಕೊಡ್ತಾಳೆ ಅಂತನಾ? ಅದು ಹೊಗಳಿಕೆನಾ ಬೈಗುಳನಾ?" ಅಂದ್ಲು. ನಂಗೆ ಉತ್ತರ ಹೊಳೀಲಿಲ್ಲ. ಯಾಕಂದ್ರೆ ನಮ್ಮ ಕಿವಿಗೆ ಪರಿಣಾಮ ಅಂದ ತಕ್ಷಣ ಬರೋದು "ಹಿಂಗೆ ಮಾಡಿದ್ರೆ ಪರಿಣಾಮ ನೆಟ್ಟಗಿರಲ್ಲ" ಅನ್ನೋದು, ಇಲ್ಲಾ ಮಾತ್ರೆ ಚೀಟೀಲಿ ಇರೋ ಅಡ್ಡ ಪರಿಣಾಮ. ಗಂಡ ಹೆಂಡತೀನ ಇಷ್ಟು ಪ್ರೀತಿಯಿಂದ ನೆನೆಸ್ಕೊಳ್ಳೋ ಜಾಗದಲ್ಲಿ ಆ ಪದ ಯಾಕೆ ಬಂತು? ಗೊತ್ತಿರೋರು ದಯವಿಟ್ಟು ಹೇಳಿ, ಅರ್ಥ ಗೊತ್ತಿಲ್ಲದೆ ಮಗು ಬಾಯಲ್ಲಿ ಹೇಳ್ಸೋದು ನಂಗೆ ಇಷ್ಟ ಇಲ್ಲ.

ಧಾರವಾಡದ_ಮಾಸ್ತರ:
ತಂಗೀ, ನಿಮ್ಮ ಮಗಳು ಭಾಳ ಛಲೋ ಪ್ರಶ್ನಿ ಕೇಳ್ಯಾಳ. ಮೂವತ್ತು ವರ್ಷ ಕಾಲೇಜಿನ್ಯಾಗ ಕನ್ನಡ ಕಲಿಸೀನಿ, ಈ ಸಾಲಿನ ಮ್ಯಾಲೆ ನಿಂತು ಕೇಳಿದ ಹುಡುಗರು ಕಡಿಮಿ.

ಇಲ್ಲೆ ಪರಿಣಾಮ ಅಂದ್ರ ತೃಪ್ತಿ, ಸಮಾಧಾನ. ಬಂದುದ ಪರಿಣಾಮಿಸುವಳು ಅಂದ್ರ ಮನಿಗೆ ಏನು ಬಂದದನೋ ಅದರಾಗ ತಾನೂ ತೃಪ್ತಿ ಪಡತಾಳ, ಮಂದಿಗೂ ತೃಪ್ತಿ ಆಗೂಹಂಗ ಮಾಡತಾಳ. ಹಳೇ ನಿಘಂಟು ತಗದು ನೋಡ್ರಿ, ಪರಿಣಾಮ ಅನ್ನೂ ಪದಕ್ಕ ಬದಲಾವಣೆ, ಪಕ್ವ ಆಗೂದು, ಪಚನ ಆಗೂದು, ತೃಪ್ತಿ, ಕೊನಿ, ಫಲ ಅಂತ ಒಂದರ ಹಿಂದ ಒಂದು ಅರ್ಥ ಸಿಗತಾವ. ನಾವು ಕಡೀದೊಂದನ್ನ ಇಟಗೊಂಡು ಉಳಿದದ್ದೆಲ್ಲಾ ಕೈ ಬಿಟ್ಟೀವಿ.

ವಚನಕಾರರಿಗೆ ಇದು ದಿನಾ ಬಳಸೂ ಪದ. ದಶವಿಧ ಪಾದೋದಕ, ಅಂದ್ರ ಪಾದತೀರ್ಥದ ಹತ್ತು ಬಗಿ, ಅಂತ ಹೇಳತಾರಲ್ಲ, ಅದರಾಗ ಪರಿಣಾಮೋದಕ ಅಂತ ಒಂದು ಅದ, ಅದರ ಮುಂದಿಂದು ನಿರ್ನಾಮೋದಕ. ಅಂದ್ರ ಮನಸು ಪೂರಾ ತುಂಬಿ ಶಾಂತ ಆದ ಮ್ಯಾಲೆ ಹೆಸರೂ ಉಳಿಯಂಗಿಲ್ಲ ಅನ್ನೂ ಕ್ರಮ. ಹಿಂತಾ ಎತ್ತರದ ಜಾಗಾದಾಗ ಇಟ್ಟ ಪದ ಅದು. ವಚನ ಸಂಚಯ ಜಾಲತಾಣದಾಗ "ಪರಿಣಾಮ" ಅಂತ ಹುಡುಕಿ ನೋಡ್ರಿ, ಒಂದು ಸಂಜಿ ಪೂರಾ ಓದಬಹುದು.

ಇನ್ನ ಶಬ್ದದ ಹುಟ್ಟು. ಪರಿ ಅಂದ್ರ ಸುತ್ತಲೂ, ನಮ್ ಅಂದ್ರ ಬಾಗೂದು. ನಮಸ್ಕಾರದಾಗ ಇರೂದೂ ಅದೇ ನಮ್. ಹಣ್ಣು ತುಂಬಿದ ಟೊಂಗಿ ಬಾಗತದಲ್ಲ, ಹಂಗ. ಪರಿಣತ ಅಂತೀವಿ, ಪರಿಣತಿ ಅಂತೀವಿ, ಎರಡೂ ಇದೇ ಬೇರಿನವು. ಪರಿಣತ ಅಂದ್ರ ಬಲಿತವ, ಮಾಗಿದವ. ಒಂದೇ ತಾಯಿ ಮಕ್ಕಳು ನೋಡ್ರಿ, ಒಬ್ಬಾಂವಗೆ ಪರಿಣತ ಅಂತ ಶಾಲು ಹೊದಿಸ್ತೀವಿ, ಇನ್ನೊಬ್ಬಾಂವನ ಹೆಸರು ಹೇಳಿ ಮಂದೀನ ಅಂಜಸ್ತೀವಿ.

ಅಂಗಳದ_ತುಳಸಿ:
ಸರ್ ತುಂಬಾ ಧನ್ಯವಾದ. ಓದಿ ಕಣ್ಣು ತುಂಬಿ ಬಂತು ನಿಜ್ವಾಗ್ಲೂ. ಮಗಳಿಗೆ ಓದಿ ಹೇಳ್ದೆ, ಬಾಗೋದು ಅಂದಾಗ ಹಿತ್ತಲ ನಿಂಬೆ ಗಿಡ ತೋರಿಸಿದ್ಲು.

ಸುದ್ದಿಮನೆ:
ನಾನು ಪತ್ರಿಕೆಯೊಂದರ ಡೆಸ್ಕಲ್ಲಿ ಕೆಲಸ ಮಾಡೋನು, ಈ ಚರ್ಚೆ ನೋಡಿ ಎದೆಗೆ ತಟ್ಟಿದ ಹಾಗಾಯ್ತು. ಯಾಕಂದ್ರೆ ಈ ಪದವನ್ನ ಇವತ್ತಿನ ಸ್ಥಿತಿಗೆ ತಂದೋರಲ್ಲಿ ನಾವೂ ಇದೀವಿ. ರಾತ್ರಿ ಹನ್ನೊಂದು ಗಂಟೆಗೆ ಜಿಲ್ಲೆಗಳಿಂದ ಬರೋ ಸುದ್ದಿ ನೋಡಿ, "ಟೈರ್ ಸ್ಫೋಟಗೊಂಡ ಪರಿಣಾಮ ಲಾರಿ ಪಲ್ಟಿಯಾಗಿದೆ", "ಬಸ್ ಡಿಕ್ಕಿ ಹೊಡೆದ ಪರಿಣಾಮ ಬೈಕ್ ಸವಾರ ಸ್ಥಳದಲ್ಲೇ ಮೃತಪಟ್ಟಿದ್ದಾರೆ", "ಗೋಡೆ ಕುಸಿದ ಪರಿಣಾಮ". ಒಂದೇ ಪುಟದಲ್ಲಿ ನಾಲ್ಕು ಸಲ. ಮೊದಲು "ಪರಿಣಾಮವಾಗಿ" ಅಂತ ಬರೀತಿದ್ರು, ಜಾಗ ಉಳಿಸೋಕೆ ಅಂತ "ವಾಗಿ" ಹೋಯ್ತು, "ಹಿನ್ನೆಲೆಯಲ್ಲಿ" ಅನ್ನೋದು "ಹಿನ್ನೆಲೆ" ಆದ ಹಾಗೇ. ಈಗ ಅದು ನಾಮಪದವಾಗಿ ಉಳಿದೇ ಇಲ್ಲ, "ಇಂದ" ಅನ್ನೋ ಪ್ರತ್ಯಯದ ಕೆಲಸ ಮಾಡ್ತಿದೆ. "ಬಸ್ ಡಿಕ್ಕಿ ಹೊಡೆದು ಸವಾರ ಸತ್ತ" ಅಂದ್ರೆ ಮುಗೀತು, ಕನ್ನಡದ ಕ್ರಿಯಾಪದಕ್ಕೇ ಆ ಶಕ್ತಿ ಇದೆ, "ಹೊಡೆದು" ಅನ್ನೋ ಒಂದು ರೂಪದಲ್ಲೇ ಕಾರಣ ಕಾರ್ಯ ಎರಡೂ ಕೂತಿರುತ್ತೆ. ಆದ್ರೂ ನಾವು ಪರಿಣಾಮ ತುರುಕ್ತೀವಿ, ಕೇಳಿದ್ರೆ ಗಾಂಭೀರ್ಯ ಬರುತ್ತೆ ಅಂತೀವಿ. ಹೀಗೆ ದಿನಾ ಸಾವಿನ ಪಕ್ಕದಲ್ಲೇ ಇಟ್ಟೂ ಇಟ್ಟೂ ಓದುಗರಿಗೆ ಆ ಪದ ಅಂದ್ರೆ ಕೆಟ್ಟದ್ದೇ ಅನ್ನೋ ಹಾಗಾಗಿದೆ.

ಆದ್ರೆ ಒಂದು ಕಡೆ ಒಳ್ಳೇ ಅರ್ಥ ಇನ್ನೂ ಜೀವಂತ ಇದೆ, ಪರಿಣಾಮಕಾರಿ. "ಪರಿಣಾಮಕಾರಿ ಭಾಷಣ", "ಪರಿಣಾಮಕಾರಿ ಔಷಧ". "ಕಾರಿ" ಸೇರಿಸಿದ್ರೆ ಒಳ್ಳೇದು, "ದುಃ" ಸೇರಿಸಿದ್ರೆ ಕೆಟ್ಟದು, ಸುಮ್ನೆ ಬಿಟ್ರೂ ಕೆಟ್ಟದ್ದಕ್ಕೇ ವಾಲುತ್ತೆ. ಇನ್ನೊಂದು, ಪರಿಮಾಣ ಅಂತ ಬರೆಯೋ ಕಡೆ ಪರಿಣಾಮ ಅಂತ ಬರೆದು ಕಳಿಸೋರು ಈಗ್ಲೂ ಇದಾರೆ, ಅದು ಅಳತೆ, ಇದು ಬೇರೆ, ದಯವಿಟ್ಟು ಗಮನಿಸಿ.

ಹೊಸೂರು_ಕನ್ನಡಿಗ:
ನಮ್ಮ ಮನೇಲಿ ಕನ್ನಡ, ಬೀದೀಲಿ ತಮಿಳು ತೆಲುಗು ಎರಡೂ. ಅದಕ್ಕೆ ಈ ಪದ ನಂಗೆ ಚಿಕ್ಕಂದಿನಿಂದ ಗೊಂದಲ. ತಮಿಳು ಪುಸ್ತಕದಲ್ಲಿ ಪರಿಣಾಮ ವಳರ್ಚ್ಚಿ ಅಂತ ಇರುತ್ತೆ, ಅದು ಡಾರ್ವಿನ್ನನ ವಿಕಾಸವಾದ. ತೆಲುಗಲ್ಲೂ ಮಲಯಾಳದಲ್ಲೂ ಪರಿಣಾಮ ಅಂದ್ರೆ ಜೀವವಿಕಾಸ. ಮರಾಠಿಯೋರಿಗೆ ನಮ್ಮ ಹಾಗೇ ಎಫೆಕ್ಟು. ಹಿಂದಿಯೋರಿಗೆ ಪರೀಕ್ಷೆ ರಿಸಲ್ಟೇ ಪರಿಣಾಮ್, ನಾವು ಫಲಿತಾಂಶ ಅಂತೀವಲ್ಲ ಅದು. ಉತ್ತರದ ಕಡೆ ಓದ್ತಿದ್ದ ನಮ್ಮ ಚಿಕ್ಕಪ್ಪನ ಮಗ ಒಂದ್ಸಲ ಫೋನ್ ಮಾಡಿ "ಪರಿಣಾಮ ಬಂತು" ಅಂದ, ನಮ್ಮ ಅಜ್ಜಿ ಗಾಬರಿ ಬಿದ್ದು ಏನಾಯ್ತಪ್ಪಾ ಅಂತ ಕೂಗಿದ್ರು, ಆಮೇಲೆ ನೋಡಿದ್ರೆ ಪಾಸಾಗಿದಾನೆ.

ಒಂದೇ ಸಂಸ್ಕೃತ ಪದ, ಒಬ್ಬೊಬ್ಬರು ಒಂದೊಂದು ಹಿಡ್ಕೊಂಡ್ರು ಅನ್ಸುತ್ತೆ. ತಮಿಳು ತೆಲುಗಿನೋರು "ಬದಲಾಗ್ತಾ ಹೋಗೋದು" ಅನ್ನೋದನ್ನ ಇಟ್ಕೊಂಡ್ರು, ಹಿಂದಿಯೋರು "ಕೊನೆಗೆ ಬಂದಿದ್ದು" ಅನ್ನೋದನ್ನ. ನಮ್ಮ ವಚನಕಾರರು ಹಿಡ್ಕೊಂಡ ತೃಪ್ತಿ ಅನ್ನೋ ಅರ್ಥ ನಾನು ಬೇರೆ ಕಡೆ ಕೇಳಿಲ್ಲ, ಮಾಸ್ತರು ಹೇಳಿದ್ಮೇಲೇ ಗೊತ್ತಾಗಿದ್ದು.

ನೇತ್ರಾವತಿ_ದಡ:
ಸಂಸ್ಕೃತದ ಕಡೆಯಿಂದ ಸ್ವಲ್ಪ ಸೇರಿಸ್ತೇನೆ, ನಾನು ಕಲಿತದ್ದು ಅದೇ.

ಸಾಂಖ್ಯ ದರ್ಶನದವರ ಪರಿಣಾಮವಾದ ಅಂತ ಉಂಟು, ಕಾರಣವೇ ನಿಜವಾಗಿ ಬದಲಾಗಿ ಕಾರ್ಯ ಆಗ್ತದೆ ಅಂತ. ಹಾಲು ಮೊಸರಾಗುವುದು ಅವರ ಹಳೇ ಉದಾಹರಣೆ. ಹಾಲು ಇಲ್ಲದೆ ಮೊಸರಿಲ್ಲ, ಆದ್ರೆ ಮೊಸರನ್ನು ತಿರುಗಿ ಹಾಲು ಮಾಡ್ಲಿಕ್ಕೆ ಆಗುವುದಿಲ್ಲ. ಅದ್ವೈತದವರು ಇಲ್ಲ ಇದು ವಿವರ್ತ, ಹಗ್ಗ ಹಾವಾಗಿ ಕಂಡದ್ದಷ್ಟೆ, ನಿಜವಾಗಿ ಏನೂ ಬದಲಾಗ್ಲಿಲ್ಲ ಅಂತ ವಾದಿಸಿದ್ರು. ಅದು ದೊಡ್ಡ ಕಥೆ, ಇಲ್ಲಿ ಬೇಡ. ನಂಗೆ ಬೇಕಾದ್ದು ಆ ಮೊಸರು ಮಾತ್ರ. ನಮ್ಮ ಅಜ್ಜಿ ರಾತ್ರಿ ಹಾಲಿಗೆ ಹೆಪ್ಪು ಹಾಕಿ ಪಾತ್ರೆ ಮುಚ್ಚಿ ಇಟ್ಟ ಮೇಲೆ ಯಾರಿಗೂ ಮುಟ್ಲಿಕ್ಕೆ ಬಿಡ್ತಿರ್ಲಿಲ್ಲ, ಅಲ್ಲಾಡಿಸಿದ್ರೆ ಮೊಸರು ಒಡೀತದೆ ಅಂತ. ಬೆಳಿಗ್ಗೆ ಮುಚ್ಚಳ ತೆಗೆದು ಪಾತ್ರೆಯನ್ನು ಸ್ವಲ್ಪ ಓರೆ ಮಾಡಿ ನೋಡುವುದು, ಗಟ್ಟಿ ನಿಂತಿದ್ರೆ ಮುಖದಲ್ಲಿ ಒಂದು ಖುಷಿ. ಆ ರಾತ್ರಿಯಿಡೀ ಪಾತ್ರೆಯೊಳಗೆ ಸದ್ದಿಲ್ಲದೆ ಆದದ್ದು ಉಂಟಲ್ಲ, ಅದು ಪರಿಣಾಮ. ಶಿಕ್ಷೆ ಅಂತ ಅರ್ಥ ಅದ್ರಲ್ಲಿ ಎಲ್ಲಿಯೂ ಇಲ್ಲ.

ಗೀತೆಯ ಹದಿನೆಂಟನೇ ಅಧ್ಯಾಯದಲ್ಲಿ ಸುಖದ ಬಗ್ಗೆ ಎರಡು ಶ್ಲೋಕ ಹತ್ತಿರ ಹತ್ತಿರ ಉಂಟು, 37 ಮತ್ತು 38. ಸಾತ್ತ್ವಿಕ ಸುಖ ಮೊದಲಿಗೆ ವಿಷದ ಹಾಗೆ, "ಪರಿಣಾಮೇಽಮೃತೋಪಮಮ್", ಕೊನೆಗೆ ಅಮೃತದ ಹಾಗೆ. ರಾಜಸ ಸುಖ ಮೊದಲಿಗೆ ಅಮೃತ, "ಪರಿಣಾಮೇ ವಿಷಮಿವ". ಒಂದೇ ಪದ ಅಮೃತಕ್ಕೂ ಆಯಿತು, ವಿಷಕ್ಕೂ ಆಯಿತು. ಹಾಗೆಯೇ ಶಾಕುಂತಲದ ಶುರುವಿನಲ್ಲಿ ಬೇಸಗೆಯ ವರ್ಣನೆ, "ದಿವಸಾಃ ಪರಿಣಾಮರಮಣೀಯಾಃ" ಅಂತ, ಕೊನೆಯಾಗುವ ಹೊತ್ತಿಗೆ ಚಂದವಾಗುವ ಹಗಲುಗಳು. ಮೇ ತಿಂಗಳಲ್ಲಿ ನಮ್ಮ ಕರಾವಳಿಯ ಸೆಕೆಯಲ್ಲಿ ಕೂತು ಸಂಜೆ ಗಾಳಿಗೆ ಕಾದವರಿಗೆ ಕಾಳಿದಾಸ ಹೇಳಿದ್ದು ಬೇಗ ಅರ್ಥ ಆಗ್ತದೆ.

ಆಯುರ್ವೇದದ ಚರಕಸಂಹಿತೆಯಲ್ಲಿ ಕಾಲಕ್ಕೇ ಪರಿಣಾಮ ಅಂತ ಹೆಸರು. ಮಾಧವನಿದಾನ ಅನ್ನುವ ವೈದ್ಯಗ್ರಂಥದಲ್ಲಿ ಪರಿಣಾಮಶೂಲ ಅಂತ ಒಂದು ರೋಗ ಬರ್ತದೆ, ಊಟ ಅರಗುವ ಹೊತ್ತಿಗೆ ಏಳುವ ಹೊಟ್ಟೆನೋವು. ಮಾಸ್ತರು ಪಚನ ಅಂದದ್ದು ಇದೇ.

ಅಲಂಕಾರದಲ್ಲಿಯೂ ಪರಿಣಾಮ ಅಂತ ಒಂದು ಉಂಟು. "ಕಣ್ಣೆಂಬ ಕಮಲದಿಂದ ನೋಡಿದಳು" ಅಂತ ಇಟ್ಟುಕೊಳ್ಳಿ. ಕಮಲಕ್ಕೆ ನೋಡ್ಲಿಕ್ಕೆ ಆಗುವುದಿಲ್ಲ, ಹಾಗಾಗಿ ಕಮಲ ಇಲ್ಲಿ ಕಣ್ಣಾಗಿ ಮಾರ್ಪಟ್ಟರೆ ಮಾತ್ರ ಆ ವಾಕ್ಯ ನಿಲ್ತದೆ. ರೂಪಕಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅಷ್ಟೇ, ಹೋಲಿಕೆಗೆ ತಂದ ವಸ್ತು ತಾನೇ ಬದಲಾಗಿ ಕೆಲಸಕ್ಕೆ ನಿಲ್ಬೇಕು.

ಕಬ್ಬಿನಗದ್ದೆ:
ನೀವೆಲ್ಲ ಓದ್ಕೊಂಡೋರು, ನಾನು ಮಂಡ್ಯ ಕಡೆ ಬೇಸಾಯದೋನು. ಆದ್ರೆ ಈ ಪದ ನಮ್ಮನೆ ಒಳಕ್ಕೂ ಬಂದಿತ್ತು ಅದಕ್ಕೆ ಬರೀತಾ ಇವ್ನಿ.

ನಮ್ಮಪ್ಪ ಬೋರು ಕೊರ್ಸಕ್ಕೆ ಸಾಲ ಮಾಡಿದ್ರು, ನೀರು ಬರಲಿಲ್ಲ, ಎರಡು ಕಂತು ಕಟ್ಟಕ್ಕಾಗಲಿಲ್ಲ. ಸಾಲ ಕೊಟ್ಟಿದ್ದೋರಿಂದ ಒಂದು ನೋಟಿಸು ಬಂತು. ಅದರ ಕೊನೇ ಸಾಲು ನಂಗೆ ಇವತ್ತಿಗೂ ಬಾಯಿಪಾಠ, "ತಪ್ಪಿದಲ್ಲಿ ಮುಂದಿನ ಪರಿಣಾಮಗಳಿಗೆ ತಾವೇ ಹೊಣೆಗಾರರಾಗಿರುತ್ತೀರಿ". ನಮ್ಮಪ್ಪ ನಾಕನೇ ಕ್ಲಾಸು, ಓದಕ್ಕೆ ಬರೋದು. ಆ ಚೀಟೀನ ಮಡಿಸಿ ಅಂಗಿ ಜೇಬಲ್ಲಿ ಇಟ್ಕಂಡು ಒಂದು ವಾರ ತಿರುಗಿದ್ರು, ಬೆವರಿಗೆ ಮಡಿಕೆ ಹರಿದೋಗಿ ನಾಕು ತುಂಡಾಗಿತ್ತು. ಒಂದಿನ ರಾತ್ರಿ ಊಟದ ತಟ್ಟೆ ಮುಂದೆ ಕುಂತು ಕೇಳಿದ್ರು, "ಮಗ, ಪರಿಣಾಮ ಅಂದ್ರೆ ಏನ್ಲಾ ಮಾಡ್ತಾರೆ? ಗದ್ದೆ ತಕ್ಕಂತಾರಾ, ಜೈಲಿಗಾಕ್ತಾರಾ, ಮನೆ ಮುಂದೆ ತಮಟೆ ಹೊಡೆಸ್ತಾರಾ?" ನಂಗೂ ಗೊತ್ತಿರ್ನಿಲ್ಲ. ಇಂಥದ್ದೇ ಮಾಡ್ತೀವಿ ಅಂತ ಬರೆದಿದ್ರೆ ನಮ್ಮಪ್ಪ ಅಷ್ಟು ಕುಗ್ಗುತಿರ್ನಿಲ್ಲ. ಏನು ಅಂತ ಹೇಳದೆ ಪರಿಣಾಮ ಅಂದ್ಬುಟ್ರೆ ಮನುಷ್ಯ ಇರೋ ಬರೋ ಭಯನೆಲ್ಲ ಅದರೊಳಗೆ ತಾನೇ ತುಂಬ್ಕತಾನೆ.

ಸಾಲ ತೀರ್ತು, ಅಪ್ಪ ಈಗ ಇಲ್ಲ. ತೃಪ್ತಿ ಅಂತ ಅರ್ಥ ಇತ್ತು ಅಂತ ಇವತ್ತು ಓದಿ ತುಂಬಾ ಸಂಕಟ ಆಯ್ತು ಕಣಕ್ಕ.

ಕಪ್ಪುಕೋಟು:
ಕಬ್ಬಿನಗದ್ದೆ ಅಣ್ಣ, ನಾನು ತುಮಕೂರಲ್ಲಿ ವಕೀಲ. ನೋಟಿಸ್ ಬರೆಯೋ ಜನ ನಾವೇ, ಹಂಗಾಗಿ ನಿಮ್ಮ ಮಾತು ನೇರ ನಂಗೇ ತಾಗ್ತು. ಆ ಸಾಲು ಇಂಗ್ಲಿಷ್ ನೋಟಿಸಿಂದ ಹಂಗೇ ಇಳಿಸಿಕೊಂಡಿದ್ದು, "ಖರ್ಚು ವೆಚ್ಚ ಹಾಗೂ ಮುಂದಿನ ಪರಿಣಾಮಗಳಿಗೆ ತಾವೇ ಜವಾಬ್ದಾರರು" ಅಂತ. ನಾವು ಟೈಪಿಸ್ಟಿಗೆ ಹೇಳೋದೂ ಇಲ್ಲ, ಕೊನೇ ಪ್ಯಾರಾ ಹಳೇ ಫೈಲಿಂದ ತಂತಾನೇ ಬಂದು ಕೂರುತ್ತೆ. ಇನ್ಮೇಲೆ ನನ್ನ ಆಫೀಸಿಂದ ಹೋಗೋದ್ರಲ್ಲಿ "ಇಷ್ಟು ದಿನದೊಳಗೆ ಕಟ್ಟದಿದ್ರೆ ಇಂಥ ಕೋರ್ಟಲ್ಲಿ ಇಂಥ ದಾವೆ ಹಾಕ್ತೀವಿ" ಅಂತ ಬಿಡಿಸಿ ಬರೆಸ್ತೀನಿ. ಓದೋನಿಗೆ ಏನು ಬರ್ತಿದೆ ಅಂತ ಗೊತ್ತಾಗೋದು ಅವನ ಹಕ್ಕು.

ಬಸದಿಬೀದಿ:
ಇಷ್ಟು ಹೊತ್ತು ಓದ್ತಾ ಇದ್ದೆ. ನಂಗೆ ಇದೇ ಸಾಲಲ್ಲಿ ನಿಲ್ಲೋ ಇನ್ನೊಂದು ಪದ ನೆನಪಾಗ್ತಿದೆ, ವಿಪಾಕ. ಪಚ್ ಅಂದ್ರೆ ಬೇಯಿಸೋದು, ಪಾಕ ಅದರಿಂದಲೇ. ವಿಪಾಕ ಅಂದ್ರೆ ಪೂರ್ತಿ ಬೆಂದಿದ್ದು, ಮಾಗಿದ್ದು. ಈಗ "ವಿಧಿವಿಪಾಕ" ಅಂತ ನಿಟ್ಟುಸಿರು ಬಿಡುವಾಗ ಮಾತ್ರ ಉಳ್ಕೊಂಡಿದೆ. ಜೈನರ ಆಗಮ ಗ್ರಂಥಗಳಿಗೆ ಅಂಗ ಅಂತಾರೆ, ಅದರಲ್ಲಿ ಹನ್ನೊಂದನೇ ಅಂಗದ ಹೆಸರೇ ವಿಪಾಕಸೂತ್ರ, ಅದರಲ್ಲಿ ಎರಡು ಭಾಗ, ದುಃಖವಿಪಾಕ, ಸುಖವಿಪಾಕ. ಸುಖವೂ ಬೆಂದೇ ಬರಬೇಕು ಅಂತ ಅವರ ಲೆಕ್ಕ.

ಕನ್ನಡದಲ್ಲಿ ಈ ವಿಷಯಕ್ಕೆ ಜನ್ನನ ಯಶೋಧರ ಚರಿತೆಗಿಂತ ಹತ್ತಿರದ ಕಾವ್ಯ ನಂಗೆ ಗೊತ್ತಿಲ್ಲ. 1209ರದ್ದು, ಹೊಯ್ಸಳ ವೀರಬಲ್ಲಾಳನ ಕಾಲ. ಕತೆ ಹಲವರಿಗೆ ಗೊತ್ತಿರುತ್ತೆ, ಉಜ್ಜಯಿನಿಯ ಅರಸ ಯಶೋಧರ, ಅವನ ರಾಣಿ ಅಮೃತಮತಿ ರಾತ್ರಿ ಹಾಡು ಕೇಳಿ ಅಷ್ಟಾವಂಕ ಅನ್ನೋ ಮಾವಟಿಗನಿಗೆ ಮನಸೋಲ್ತಾಳೆ. ಕಣ್ಣಾರೆ ಕಂಡ ಅರಸ ತಾಯಿಗೆ ನಿಜ ಹೇಳಲಾರದೆ ಕೆಟ್ಟ ಕನಸು ಕಂಡೆ ಅಂತ ಸುಳ್ಳು ಹೇಳ್ತಾನೆ. ತಾಯಿ ಚಂದ್ರಮತಿ ದೇವಿಗೆ ಬಲಿ ಕೊಡು ಅಂತಾಳೆ, ಅವನು ಕೊಲ್ಲಲ್ಲ ಅಂತಾನೆ, ಕೊನೆಗೆ ಇಬ್ಬರೂ ಒಪ್ಪಿದ್ದು ಹಿಟ್ಟಿನ ಹುಂಜಕ್ಕೆ. ನಿಜವಾದ ಹುಂಜ ಅಲ್ಲ, ಬರೀ ಹಿಟ್ಟು, ಪಾಪ ಬರಲ್ಲ ಅಂತ.

ಆಮೇಲಿನ ಕ್ಷಣ ನಾನು ಎಷ್ಟು ಸಲ ಓದಿದ್ರೂ ಮೈ ಜುಮ್ ಅನ್ನುತ್ತೆ. ಕತ್ತಿ ಬಿದ್ದಿದ್ದು ಹಿಟ್ಟಿನ ಮೇಲೆ, ಆದ್ರೆ ಹುಂಜ ಕೂಗ್ತು. ಅದರೊಳಗೆ ಒಂದು ಬೆಂತರ, ಅಂದ್ರೆ ಭೂತದ ಥರದ್ದು, ಸೇರ್ಕೊಂಡಿತ್ತು ಅಂತ ಕತೆ ಹೇಳುತ್ತೆ, ಆದ್ರೆ ಯಶೋಧರನಿಗೆ ಆ ಕೂಗಲ್ಲೇ ತಿಳೀತು, ಕೊಲ್ಲಬೇಕು ಅಂತ ಮನಸ್ಸು ಕತ್ತಿ ಎತ್ತಿದ ಮೇಲೆ ಎದುರಿಗಿದ್ದದ್ದು ಹಿಟ್ಟೋ ಜೀವವೋ ಅನ್ನೋ ವ್ಯತ್ಯಾಸ ಉಳಿಯಲ್ಲ ಅಂತ. ಮುಂದೆ ರಾಣಿ ತಾಯಿ ಮಗ ಇಬ್ಬರಿಗೂ ವಿಷ ಹಾಕ್ತಾಳೆ. ಅವರು ನವಿಲು ನಾಯಿಯಾಗಿ ಹುಟ್ತಾರೆ, ಹೀಗೇ ಜನ್ಮ ಜನ್ಮ ದಾಟಿ ಕೊನೆಗೊಮ್ಮೆ ಹುಂಜಗಳಾಗೇ ಹುಟ್ಟಿ, ಯಶೋಧರನ ಸ್ವಂತ ಮಗನ ಬಾಣಕ್ಕೆ ಸತ್ತು, ಅದೇ ಮಗನಿಗೆ ಅವಳಿ ಮಕ್ಕಳಾಗಿ ಹುಟ್ತಾರೆ, ಅಭಯರುಚಿ ಅಭಯಮತಿ. ಮಾರಿದತ್ತ ಅನ್ನೋ ಅರಸ ಚಂಡಮಾರಿಗೆ ನರಬಲಿ ಕೊಡೋಕೆ ಹಿಡ್ಕೊಂಡು ಬಂದಾಗ ಆ ಮಕ್ಕಳೇ ಈ ಕತೆ ಹೇಳೋದು. ಕತ್ತಿ ಎತ್ತಿದವನ ಎದುರಿಗೆ ನಿಂತು ಕತ್ತಿ ಎತ್ತಿದ್ದರ ಕತೆ ಹೇಳ್ತಾರೆ, ಆ ಅರಸ ಕತ್ತಿ ಕೆಳಗಿಡ್ತಾನೆ.

ಇಲ್ಲಿ ತೀರ್ಪು ಕೊಡೋ ನ್ಯಾಯಾಧೀಶ ಯಾರೂ ಇಲ್ಲ ಗಮನಿಸಿ. ಯಾರೂ ಮೇಲೆ ಕೂತು ದಂಡ ಹಾಕಲ್ಲ. ಮಾಡಿದ್ದೇ ಒಲೆ ಮೇಲೆ ಬೇಯ್ತಾ ಇರುತ್ತೆ, ಬೆಂದ ಮೇಲೆ ಬಡಿಸುತ್ತೆ. ಗಿರೀಶ ಕಾರ್ನಾಡರು 1980ರಲ್ಲಿ ಹಿಟ್ಟಿನ ಹುಂಜ ನಾಟಕ ಬರೆದಿದ್ದು ಇದರ ಮೇಲೇ.

ಕಬ್ಬಿನಗದ್ದೆ:
ಕತೆ ಚೆನ್ನಾಗದೆ. ಆದ್ರೆ ಒಂದು ಮಾತು ಹೇಳ್ತೀನಿ ಬೇಜಾರ್ ಮಾಡ್ಕಬೇಡಿ. "ಎಲ್ಲ ಕರ್ಮ, ಹಿಂದೆ ಮಾಡಿದ್ದು ಈಗ ಉಣ್ತಾವ್ನೆ" ಅಂತ ಹೇಳಿ ಬಡವನ ಬಾಯಿ ಮುಚ್ಚಿಸಿರೋದು ನಮ್ಮೂರಲ್ಲಿ ನಾನೇ ನೋಡಿವ್ನಿ. ನಮ್ಮಪ್ಪಂಗೂ ಅಂದಿದ್ರು, ಬೋರಲ್ಲಿ ನೀರು ಬರದೇ ಇರೋದು ನಿನ್ನ ಪ್ರಾರಬ್ಧ ಅಂತ. ನೀರು ಬರದೇ ಇದ್ದದ್ದು ಸುತ್ತ ಎಲ್ಲರೂ ಪೈಪೋಟಿ ಮೇಲೆ ಆಳಕ್ಕೆ ಕೊರೆಸಿದ್ದಕ್ಕೆ. ಅದರಲ್ಲಿ ಅವರ ಹಿಂದಿನ ಜನ್ಮದ್ದು ಏನದೆ?

ಬಸದಿಬೀದಿ:
ನೀವು ಹೇಳಿದ್ದು ಪೂರ್ತಿ ಒಪ್ತೀನಿ ಅಣ್ಣ. ಜನ್ನ ಹೇಳ್ತಿರೋದು ಅರಸನಿಗೆ, ಕತ್ತಿ ಕೈಯಲ್ಲಿ ಇರೋನಿಗೆ. ಅವನು ತನ್ನ ಕೈ ತಾನು ನೋಡ್ಕೊಳ್ಳಲಿ ಅಂತ. ಅದೇ ಮಾತನ್ನ ಕಷ್ಟದಲ್ಲಿರೋನ ಮುಖಕ್ಕೆ ಹಿಡಿಯೋದು ಕಾವ್ಯದ ತಪ್ಪು ಓದು, ಕ್ರೂರ ಓದು. ನಿಮ್ಮ ತಂದೆಯವರಿಗೆ ಹಾಗೆ ಅಂದಿದ್ದು ಅನ್ಯಾಯ.

ಧಾರವಾಡದ_ಮಾಸ್ತರ:
ಇಬ್ಬರೂ ಛಲೋ ಹೇಳೀರಿ. ನಂಗೊಂದು ಹೊಳೀತು ಈಗ. ಫಲ ಅಂದ್ರ ಹಣ್ಣು, ವಿಪಾಕ ಅಂದ್ರ ಬೆಂದದ್ದು, ಪರಿಣಾಮ ಅಂದ್ರ ಮಾಗಿದ್ದು ಅರಗಿದ್ದು. ಅಚ್ಚಗನ್ನಡದಾಗ ನಾವು ಏನಂತೀವಿ? "ಮಾಡಿದ್ದುಣ್ಣೋ ಮಹಾರಾಯ". ಉಪ್ಪು ತಿಂದಾಂವ ನೀರು ಕುಡೀಲೇಬೇಕು. ಏಟು ತಿಂದ, ಬೈಸಿಕೊಂಡು ಉಂಡ, ನೋವು ಉಂಡ. ಹೊಲ, ಒಲಿ, ತಾಟು, ಹೊಟ್ಟಿ, ಇಷ್ಟರಾಗ ಎಲ್ಲಾ ಪದ ಹುಟ್ಟ್ಯಾವ. ಎಂ.ಎಸ್. ಪುಟ್ಟಣ್ಣನವರು 1915ರಾಗ ಬರೆದ ಕಾದಂಬರಿಗೆ ಆ ಗಾದೀನ ಹೆಸರಾಗಿ ಇಟ್ಟಾರ, ಅಷ್ಟು ಹೊತ್ತಿಗೆ ಆ ಮಾತು ಮನಿಮನಿಯೊಳಗ ಇತ್ತು.

ಇನ್ನ ಪುರಂದರದಾಸರು "ಬೇವ ಬೆಲ್ಲದೊಳಿಡಲೇನು ಫಲ, ಹಾವಿಗೆ ಹಾಲೆರೆದೇನು ಫಲ" ಅಂತಾರಲ್ಲ, ಅಲ್ಲೆ ಫಲ ಅಂದ್ರ ಉಪಯೋಗ. ಬೆಲ್ಲದಾಗ ಇಟ್ಟರೂ ಬೇವು ಮಾಗಂಗಿಲ್ಲ, ಪರಿಣಾಮ ಆಗಂಗಿಲ್ಲ. ಒಳಗ ಬದಲಾಗದ ಬರೇ ಹೊರಗ ಸಿಹಿ ಹಚ್ಚಿದರ ಏನೂ ಆಗಂಗಿಲ್ಲ ಅಂತ ಅವರ ಮಾತು.

ನೇತ್ರಾವತಿ_ದಡ:
ಇನ್ನೊಂದು ನೋಡಿ ಮಾಸ್ತ್ರೆ. ಪರಿ ಅಂದ್ರೆ ಸುತ್ತ ಅಂತ ಹೇಳಿದ್ರಲ್ಲ. ಕನ್ನಡದಲ್ಲಿ ಕೂಡ "ಅವನಿಗೆ ಆ ಪಾಪ ಸುತ್ತಿಕೊಂಡಿತು", "ಕೊರಳಿಗೆ ಸುತ್ತಿಕೊಂಡಿತು" ಅಂತ ಹೇಳುದುಂಟು. ಸಂಸ್ಕೃತದಿಂದ ಬಂದದ್ದು ಅಲ್ಲ, ಆದ್ರೆ ಅದೇ ಸುತ್ತು. ಮತ್ತೆ ನಮ್ಮ "ಗಾಚಾರ", ಅದು ಗ್ರಹಚಾರ ಸವೆದು ಆದದ್ದು. ಆಕಾಶದಲ್ಲಿ ಗ್ರಹ ಸುತ್ತುವುದು ಅಂತ ಇದ್ದದ್ದು ಈಗ "ಗಾಚಾರ ಬಿಡಿಸ್ತೇನೆ" ಅಂತ ಬೆದರಿಕೆ ಆಗಿ ಕೂತಿದೆ. ಪರಿಣಾಮಕ್ಕೆ ಆದ ಹಾಗೇ.

ಮಲ್ಲಿಗೆ_ಮೊಳ:
ನಂದೊಂದು ತಕರಾರು ಇದೆ, ತುಳಸಿ ಅಕ್ಕ. ಬಂದುದ ಪರಿಣಾಮಿಸುವಳು ಅಂದ್ರೆ ಬಂದಿದ್ದರಲ್ಲೇ ತೃಪ್ತಿ ಪಡ್ತಾಳೆ ಅಂತ ಆದ್ರೆ, ಅದು ಹೆಂಡತಿ ಅಡ್ಜಸ್ಟ್ ಮಾಡ್ಕೊಂಡು ಹೋಗ್ತಾಳೆ ಅಂತ ಹೊಗಳಿದ ಹಾಗಾಗಲ್ವಾ? ಒಂಬತ್ತನೇ ಕ್ಲಾಸಿನ ಹುಡುಗಿಗೆ ಇದನ್ನ ಹೆಂಗೆ ವಿವರಿಸ್ತೀರ? ನಮ್ಮಮ್ಮ ಇಡೀ ಜೀವನ ಬಂದಿದ್ದರಲ್ಲೇ ಪರಿಣಾಮಿಸಿದ್ರು, ಅದರ ಬೆಲೆ ಏನು ಅಂತ ನಂಗೊತ್ತು. ಜಗಳಕ್ಕೆ ಅಲ್ಲ, ನಿಜವಾಗ್ಲೂ ಕೇಳ್ತಿದೀನಿ.

ಅಂಗಳದ_ತುಳಸಿ:
ಇದು ನಂಗೂ ಚುಚ್ತು. ಮಾಸ್ತರು ಅರ್ಥ ಹೇಳಿದಾಗಿಂದ ತಲೇಲಿ ಇದೇ ಇದೆ.

ಧಾರವಾಡದ_ಮಾಸ್ತರ:
ಈ ಪ್ರಶ್ನಿ ಬರಲೇಬೇಕು. ನಾನು ಹೇಳೂದು ಇಷ್ಟ. ದಾಸಿಮಯ್ಯ ಮುದನೂರಿನ ನೇಕಾರ, ಈಗಿನ ಯಾದಗಿರಿ ಜಿಲ್ಲಾ. ಜೇಡ ಅಂದ್ರ ನೇಯುವಾಂವ. "ಮೊಲೆ ಮುಡಿ ಬಂದಡೆ ಹೆಣ್ಣೆಂಬರು, ಗಡ್ಡ ಮೀಸೆ ಬಂದಡೆ ಗಂಡೆಂಬರು, ನಡುವೆ ಸುಳಿವ ಆತ್ಮನು ಹೆಣ್ಣೂ ಅಲ್ಲ ಗಂಡೂ ಅಲ್ಲ" ಅಂತ ಬರದಾಂವನೂ ಇವನ. ದುಗ್ಗಳೆ ಬರೇ ಮನಿ ಹೆಂಗಸಲ್ಲ, ಆಕಿನೂ ವಚನ ಬರದಾಳ, "ದಾಸಯ್ಯಪ್ರಿಯ ರಾಮನಾಥ" ಆಕಿ ಅಂಕಿತ.

ವಚನದ ಮೊದಲನೇ ಸಾಲು ಬಿಡಬ್ಯಾಡ್ರಿ. "ಬಂದುದನರಿದು ಬಳಸುವಳು". ಅರಿದು. ಏನು ಬಂದದ, ಎಷ್ಟು ಬಂದದ, ಹೆಂಗ ಬಂದದ ಅಂತ ತಿಳಕೊಂಡು ಬಳಸತಾಳ. ಆಮ್ಯಾಲೆ ಪರಿಣಾಮಿಸತಾಳ. ತಿಳಿವಳಿಕಿ ಮೊದಲು, ತೃಪ್ತಿ ಹಿಂದ. ಸೋತು ಸುಮ್ಮನಾದಾಕಿಗೆ ಯಾರೂ ಅರಿದು ಅನ್ನಂಗಿಲ್ಲ. ಕಡೀ ಸಾಲಿನ್ಯಾಗ ನೋಡ್ರಿ, "ತಂದು ಬದುಕಿದೆನು" ಅಂತಾನ. ಬದುಕಿದ್ದು ಆಂವ. ಆಕಿ ಬದುಕಿಸಿದಾಕಿ.

ಆಯ್ದಕ್ಕಿ ಲಕ್ಕಮ್ಮನ್ನ ನೆನಸ್ರಿ. ಗಂಡ ಮಾರಯ್ಯ ಒಂದಿನ ಹೆಚ್ಚಿಗಿ ಅಕ್ಕಿ ಆಯ್ಕೊಂಡು ಬಂದ. "ಆಸೆಯೆಂಬುದು ಅರಸಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ" ಅಂದಾಕಿ ಯಾರು? ಲಕ್ಕಮ್ಮ. ಗಂಡನ್ನ ವಾಪಸ್ ಕಳಿಸಿದಾಕಿನೂ ಆಕಿನ. ಅಲ್ಲೆ ತೃಪ್ತಿ ಅನ್ನೂದು ಸಹಿಸಿಕೊಂಡು ಹೋಗೂದಲ್ಲ, ಇಷ್ಟು ಸಾಕು ಅಂತ ಗಟ್ಟಿಯಾಗಿ ಹೇಳೂ ಅಧಿಕಾರ. ದುಗ್ಗಳೆಯ ಪರಿಣಾಮನೂ ಹಂತಾದ್ದು ಅಂತ ನನ್ನ ಓದು.

ಮಲ್ಲಿಗೆ_ಮೊಳ:
"ಅರಿದು" ಅನ್ನೋದನ್ನ ನಾನು ದಾಟ್ಕೊಂಡು ಹೋಗಿದ್ದೆ ಸರ್. ಒಪ್ತೀನಿ. ಆದ್ರೆ ನಮ್ಮಮ್ಮನಿಗೆ ಅರಿಯೋಕೆ ಅಂತ ಯಾರೂ ಏನನ್ನೂ ಕೊಡ್ಲಿಲ್ಲ, ಬರೀ ಎರಡನೇ ಸಾಲು ಕೊಟ್ರು. ಅದನ್ನ ಬರೆದಿಡ್ಬೇಕು ಅನ್ನಿಸ್ತು.

ಧಾರವಾಡದ_ಮಾಸ್ತರ:
ಬರದಿಡ್ರಿ ತಂಗೀ. ಅದೂ ಖರೇನ.

ಸುದ್ದಿಮನೆ:
ನಿನ್ನೆ ರಾತ್ರಿ ಶಿಫ್ಟಲ್ಲಿ ಒಂದು ಪ್ರಯತ್ನ ಮಾಡ್ದೆ. ನನ್ನ ಪುಟಕ್ಕೆ ಬಂದ ಸುದ್ದಿಗಳಲ್ಲಿ ಆರು "ಪರಿಣಾಮ" ಇತ್ತು, ಐದನ್ನ ತೆಗ್ದು "ಹೊಡೆದು", "ಕುಸಿದು", "ತಪ್ಪಿ" ಅಂತ ಬರೆದೆ. ಒಂದು ಕಡೇನೂ ಅರ್ಥ ಕೆಡಲಿಲ್ಲ, ಪ್ರತಿಯೊಂದು ಸುದ್ದೀಲೂ ಅರ್ಧ ಸಾಲು ಉಳೀತು. ಮಳೆ ಸುದ್ದೀಲಿ ಒಂದು ಕಡೆ ಮಾತ್ರ ಹಾಗೇ ಬಿಟ್ಟೆ, ಬೆಳೆ ಮೇಲೆ ಮಳೆಯ ಪರಿಣಾಮ ಏನು ಅಂತ ಕೃಷಿ ಅಧಿಕಾರಿ ವಿವರಿಸಿದ್ರು, ಅಲ್ಲಿ ಒಳ್ಳೇದೂ ಇತ್ತು ಕೆಟ್ಟದ್ದೂ ಇತ್ತು, ಆ ಪದ ಅಲ್ಲಿ ಸರಿಯಾಗಿ ಕೂತಿತ್ತು.

ಅಂಗಳದ_ತುಳಸಿ:
ಎಲ್ರಿಗೂ ಹೇಗೆ ಧನ್ಯವಾದ ಹೇಳ್ಬೇಕೋ ಗೊತ್ತಾಗ್ತಿಲ್ಲ. ಶನಿವಾರ ಸ್ಪರ್ಧೆ. ಈಗ ಅವಳು ಅಂಗಳದಲ್ಲಿ ಓಡಾಡ್ಕೊಂಡು ಹೇಳ್ತಾಳೆ, ಮೊದಲು ಒಂದೇ ಉಸಿರಿಗೆ ಓಡಿಸ್ತಿದ್ಲು, ಈಗ "ಅರಿದು" ಅಂತ ಒತ್ತಿ ಹೇಳಿ, ಒಂದು ಕ್ಷಣ ನಿಂತು, ಆಮೇಲೆ "ಪರಿಣಾಮಿಸುವಳು" ಅಂತ ನಿಧಾನಕ್ಕೆ ಬಿಡ್ತಾಳೆ. ನಾನು ಹೇಳ್ಕೊಟ್ಟಿದ್ದಲ್ಲ. ಕಬ್ಬಿನಗದ್ದೆ ಅಣ್ಣ, ನಿಮ್ಮ ತಂದೆಯವರ ಚೀಟಿ ವಿಷಯ ಅವಳಿಗೆ ಓದಿದೆ, ಸುಮಾರು ಹೊತ್ತು ಮಾತಾಡ್ಲಿಲ್ಲ, ಆಮೇಲೆ ಆ ತಾತನಿಗೆ ಈ ವಚನ ಹೇಳ್ಬೇಕಿತ್ತು ಅಂದ್ಲು.

ಮಾಸ್ತರೇ, ಈಗ ಮೂರನೇ ಸಾಲಿಗೆ ಬಂದಿದಾಳೆ. ಬಂಧುಬಳಗದ ಮರೆಸುವಳು ಅಂತ ಇದೆಯಲ್ಲ, ಅದು ಬಂಧುಬಳಗವನ್ನ ಮರೆತುಹೋಗೋ ಹಾಗೆ ಮಾಡ್ತಾಳೆ ಅಂತನಾ, ಅಥವಾ ಬಂಧುಬಳಗದ ಕಣ್ಣಿಗೆ ಮನೆ ಬಡತನ ಕಾಣದ ಹಾಗೆ ಮರೆ ಮಾಡ್ತಾಳೆ ಅಂತನಾ, ಕೇಳು ಅಂತ ನನ್ನ ಪಕ್ಕದಲ್ಲೇ ನಿಂತಿದಾಳೆ.

ಧಾರವಾಡದ_ಮಾಸ್ತರ:
ಎರಡೂ ಆಗತದ, ಆದರ ವ್ಯಾಕರಣ ಒಂದರ ಕಡೆ ಸ್ವಲ್ಪ ಜಗ್ಗತದ. ಆಕಿಗೆ ಹೇಳ್ರಿ, ನಾಳೆ ಮುಂಜಾನೆ ಚಹಾ ಕುಡದ ಮ್ಯಾಲೆ ಕುಂತು ಬರೀತೀನಿ, ಈಗ ಕಣ್ಣು ಮಂಜ ಆಗ್ಯಾವ.